ಹೆಸರು ನಿಲ್ಲದ ಕಲ್ಲು

ನಮ್ಮೂರಲ್ಲಿ ಬದುಕಿರುವವರ ಹೆಸರು ಕಲ್ಲಿನ ಮೇಲೆ ನಿಲ್ಲುವುದಿಲ್ಲ. ಬೆಳಿಗ್ಗೆ ಕೆತ್ತಿದರೆ ಮಧ್ಯಾಹ್ನದ ಬಿಸಿಲು ವಾಲುವ ಹೊತ್ತಿಗೆ ಅಕ್ಷರದ ಗೆರೆಗಳು ತುಂಬಿಕೊಳ್ಳಲು ಶುರುವಾಗುತ್ತವೆ, ಶಾಲೆ ಬಿಡುವ ಹೊತ್ತಿಗೆ ಕಲ್ಲು ಮೊದಲಿನ ಹಾಗೆ ನುಣ್ಣಗಾಗಿರುತ್ತದೆ. ಸತ್ತವರ ಹೆಸರಾದರೆ ಕೆತ್ತಿದ್ದು ಕೆತ್ತಿದ ಹಾಗೇ ಇರುತ್ತದೆ. ಇದರಿಂದ ನಮ್ಮೂರಿನ ಅಧ್ಯಕ್ಷರುಗಳಿಗೆ ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹೆಸರು ಹಾಕಿಸಿಕೊಳ್ಳುವ ಭಾಗ್ಯ ಇಲ್ಲ, ಪಾಪ, ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿಕೊಂಡು ಸಮಾಧಾನ ಪಡುತ್ತಾರೆ. ಆದರೆ ಊರು ಬಿಟ್ಟು ಹೋದವರ ಕಾಗದ ಬಾರದೆ ಹೋದಾಗ ನಮ್ಮ ಜನ ಜ್ಯೋತಿಷಿಯ ಮನೆಗೆ ಅಲೆಯುವುದಿಲ್ಲ. ನಮ್ಮ ಮನೆಗೆ ಬಂದು, ಕಲ್ಲು ಕೇಳಬೇಕಿತ್ತು ಎನ್ನುತ್ತಾರೆ. ಅಜ್ಜನ ಕಾಲದಿಂದ ಈ ಕೆಲಸ ನಮ್ಮ ಮನೆತನದ್ದು.

ಗಾಣದ ಬೀದಿಯ ಚಿಕ್ಕತಾಯಮ್ಮನ ಗಂಡ ಯಾವಳನ್ನೋ ಕಟ್ಟಿಕೊಂಡು ಓಡಿಹೋಗಿದ್ದ. ಅವಳು ಪ್ರತಿ ಯುಗಾದಿಗೆ ಅವನ ಹೆಸರು ಕೆತ್ತಿಸುತ್ತಿದ್ದಳು. ಸಂಜೆ ಕಲ್ಲು ಬೋಳಾಗಿರುವುದನ್ನು ನೋಡಿ ಬಾಯಿಗೆ ಬಂದ ಹಾಗೆ ಬೈದು, ಮನಸ್ಸು ಹಗುರ ಮಾಡಿಕೊಂಡು, ಮನೆಗೆ ಹೋಗಿ ಒಬ್ಬಟ್ಟು ತಿನ್ನುತ್ತಿದ್ದಳು. ಒಂದು ಯುಗಾದಿಗೆ ಹೆಸರು ನಿಂತುಬಿಟ್ಟಿತು. ಅವತ್ತಿನಿಂದ ಒಂದು ತಿಂಗಳು ಅವಳು ಅತ್ತಿದ್ದನ್ನು ನೋಡಿ ನಾನು ಕಸುಬು ಬಿಡಬೇಕು ಅಂದುಕೊಂಡೆ. ಆಗ ನನಗೆ ಹದಿನೆಂಟು ವರ್ಷ. ಅಪ್ಪ ಒಂದೇ ಮಾತು ಹೇಳಿದರು: ಕೆತ್ತುವುದಷ್ಟೇ ನಿನ್ನ ಕೆಲಸ, ಕೆತ್ತಿದ ಮೇಲೆ ಸಂಜೆಯವರೆಗೆ ಆ ಕಲ್ಲಿನ ಹತ್ತಿರ ಸುಳಿಯಬೇಡ. ಆ ಮಾತನ್ನು ನಾನು ಬಹಳ ವರ್ಷ ಪಾಲಿಸಿದೆ.

ಸೋಮಸುಂದರ ನನ್ನ ಜೊತೆ ಓದಿದವನು. ಅವನ ತಾಯಿ ದೇವಾಜಮ್ಮ ನಮ್ಮ ಶಾಲೆಯಲ್ಲಿ ಗಂಟೆ ಹೊಡೆಯುವ ಆಯಾ. ಗಂಡ ಸತ್ತ ಮೇಲೆ ಆ ಕೆಲಸ ಹಿಡಿದು ಒಬ್ಬನೇ ಮಗನನ್ನು ಸಾಕಿದಳು. ಗಣಿತದ ಪಿರಿಯಡ್ಡನ್ನು ಐದು ನಿಮಿಷ ಮೊದಲೇ ಮುಗಿಸಿಬಿಡು ಎಂದು ಸೋಮು ಅಮ್ಮನ ಹತ್ತಿರ ಗೋಗರೆಯುತ್ತಿದ್ದ. ಅವಳು ಒಂದು ದಿನವೂ ಸೊಪ್ಪು ಹಾಕಲಿಲ್ಲ. ಅವನು ವಾಯುಪಡೆ ಸೇರಿ ವಿಮಾನದಲ್ಲಿ ವೈರ್‌ಲೆಸ್ ನೋಡಿಕೊಳ್ಳುವ ಕೆಲಸಕ್ಕೆ ಹೋದ. ಯುದ್ಧ ಶುರುವಾದ ಎಂಟನೇ ದಿನ ಅವನಿದ್ದ ವಿಮಾನ ಗಡಿ ದಾಟಿ ಹೋಗಿ ಹಿಂದಕ್ಕೆ ಬರಲಿಲ್ಲ. ಧನುರ್ಮಾಸದ ಒಂದು ಬೆಳಿಗ್ಗೆ ತಂತಿ ಬಂತು. ಅವತ್ತೂ ದೇವಾಜಮ್ಮ ಶಾಲೆಯ ಗಂಟೆಗಳನ್ನೆಲ್ಲ ಸಮಯಕ್ಕೆ ಸರಿಯಾಗಿ ಹೊಡೆದಳು.

ಊರಿಗೆ ಊರೇ ಸೇರಿ ಅವನಿಗೊಂದು ಸ್ಮಾರಕ ಮಾಡಬೇಕೆಂದು ತೀರ್ಮಾನಿಸಿತು. ಪುರಸಭೆಯ ಅಧ್ಯಕ್ಷ ಮರಿಯಪ್ಪನವರು ಮುಂದೆ ನಿಂತರು. ಬಸ್‌ ನಿಲ್ದಾಣದ ಎದುರಿಗೆ ಕಟ್ಟೆ ಕಟ್ಟಿ, ಆಳೆತ್ತರದ ಕಪ್ಪು ಕಲ್ಲು ನಿಲ್ಲಿಸಿ, ತಲೆಯ ಮೇಲೆ ತಗಡಿನದೊಂದು ವಿಮಾನ ಕೂರಿಸಿದರು. ನಮ್ಮ ಕಮ್ಮಾರ ವಿಮಾನವನ್ನು ಹತ್ತಿರದಿಂದ ನೋಡಿದವನಲ್ಲ, ಆದ್ದರಿಂದ ಅದು ಸ್ವಲ್ಪ ಮೀನಿನ ಹಾಗೆ ಬಂತು. ಮೊದಲು ಕಲ್ಲು ಕೇಳೋಣ ಎಂದು ಒಂದಿಬ್ಬರು ಅಂದರು. ಸರ್ಕಾರದ ತಂತಿಯೇ ಬಂದ ಮೇಲೆ ಇನ್ನೇನು ಕೇಳುವುದು ಎಂದು ಮರಿಯಪ್ಪನವರು ಗದರಿದರು. “ನಾಡಿಗಾಗಿ ಪ್ರಾಣವಿತ್ತ ನಮ್ಮೂರಿನ ವಾಯುಸೈನಿಕ” ಎಂದು ಮೊದಲೇ ಕೆತ್ತಿದ್ದೆ. ಅದರ ಕೆಳಗೆ ಹೆಸರನ್ನು ಉದ್ಘಾಟನೆಯ ದಿನ ಬೆಳಿಗ್ಗೆ ಕೆತ್ತಿ, ಬಿಳಿ ಬಟ್ಟೆ ಮುಚ್ಚಿ ಮನೆಗೆ ಹೋದೆ.

ಸಂಜೆ ಐದಕ್ಕೆ ವಾಯುಪಡೆಯ ಅಧಿಕಾರಿಯೊಬ್ಬರು ಬಂದು, ಸೆಲ್ಯೂಟ್ ಹೊಡೆದು, ಬಟ್ಟೆ ಎಳೆದರು. ನಾಡಿಗಾಗಿ ಪ್ರಾಣವಿತ್ತ ನಮ್ಮೂರಿನ ವಾಯುಸೈನಿಕ ಎಂದಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಆಮೇಲೆ ಎದ್ದ ಕೂಗಿಗೆ ಬಸ್‌ ನಿಲ್ದಾಣದ ಪಾರಿವಾಳಗಳೆಲ್ಲ ಹಾರಿಹೋದವು. ಶೋಕಗೀತೆ ನುಡಿಸಲು ಬಂದಿದ್ದ ಬ್ಯಾಂಡಿನವರು ಮದುವೆಯ ಹಾಡು ಹಿಡಿದರು. ಆ ಅಧಿಕಾರಿಯ ಮುಖ ಕೆಂಪಗಾಯಿತು, ಸತ್ತ ಸೈನಿಕನಿಗೆ ಹೀಗೆ ಅವಮಾನ ಮಾಡುತ್ತೀರಾ ಎಂದು ನನ್ನ ಮೇಲೆ ಹರಿಹಾಯ್ದರು. ದೇವಾಜಮ್ಮ ಕಟ್ಟೆ ಹತ್ತಿ ಬೋಳು ಕಲ್ಲನ್ನು ಎರಡೂ ಅಂಗೈಯಲ್ಲಿ ಸವರಿದಳು, ನಕ್ಕಳು, ಅಧಿಕಾರಿಯ ಕಡೆ ತಿರುಗಿ ಕೈಮುಗಿದಳು.

“ನನ್ನ ಮಗ ಬದುಕಿದಾನೆ ಸ್ವಾಮಿ,” ಎಂದಳು. “ಎಲ್ಲಿದಾನೆ ಅಂತ ಹುಡುಕೋದೊಂದು ನಿಮ್ಮ ಕೆಲಸ.”

ಅವರು ಹುಡುಕಲಿಲ್ಲ. ಹುಡುಕಿದರೋ ಏನೋ, ನಮಗೆ ಗೊತ್ತಾಗಲಿಲ್ಲ. ಮುಖ್ಯೋಪಾಧ್ಯಾಯರು ಬರೆದುಕೊಟ್ಟ ಅರ್ಜಿಗಳಿಗೆಲ್ಲ ಒಂದೇ ಉತ್ತರ ಬರುತ್ತಿತ್ತು: ಆ ಹೆಸರಿನ ಸೆರೆಯಾಳು ಶತ್ರುದೇಶ ಕೊಟ್ಟ ಪಟ್ಟಿಯಲ್ಲಿಲ್ಲ. ಮೂರನೇ ವರ್ಷ ಮರಿಯಪ್ಪನವರು, ದೇವಾಜಮ್ಮ, ನಾನು ರಾಜಧಾನಿಗೇ ಹೋದೆವು. ಕಣ್ಣಾರೆ ತೋರಿಸಿದರೆ ನಂಬುತ್ತಾರೆಂದು ನಾನು ಚೀಲದಲ್ಲಿ ಒಂದು ಚಪ್ಪಡಿಯನ್ನೂ ಉಳಿಯನ್ನೂ ಒಯ್ದಿದ್ದೆ. ಕಚೇರಿಯ ಗುಮಾಸ್ತ ಒಳ್ಳೆಯವನು. ಹಾಗಾದರೆ ನನ್ನ ಹೆಸರು ಕೆತ್ತಿ ನೋಡೋಣ ಅಂದ. ಕೆತ್ತಿದೆ. ಸಂಜೆಯವರೆಗೆ ನಾಲ್ವರೂ ಅದನ್ನೇ ನೋಡುತ್ತ ಕುಳಿತೆವು. ಬದುಕಿದ್ದ ಗುಮಾಸ್ತನ ಹೆಸರು ಗಟ್ಟಿಯಾಗಿ ನಿಂತಿತ್ತು. ನಮ್ಮೂರಿನ ಗಡಿ ದಾಟಿದರೆ ಕಲ್ಲು ಬರೀ ಕಲ್ಲು ಎಂಬುದು ನಮಗೆ ಗೊತ್ತಾದದ್ದೇ ಆವತ್ತು. ಅವನು ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ, ಚಪ್ಪಡಿಯನ್ನು ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡ.

ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸುವ ಸಂಗತಿಗಳಿವೆ, ಗೊತ್ತಾಗದಿದ್ದರೇ ಚೆನ್ನಾಗಿತ್ತು ಅನ್ನಿಸುವ ಸಂಗತಿಗಳೂ ಇವೆ. ಸೋಮು ಬದುಕಿದ್ದಾನೆ ಎಂಬುದು ಎರಡನೆಯದು. ಪ್ರತಿ ವರ್ಷ ತಂತಿ ಬಂದ ದಿನ ನಾನು ಬೆಳಿಗ್ಗೆ ಅವನ ಹೆಸರು ಕೆತ್ತುತ್ತಿದ್ದೆ, ಸಂಜೆ ಅದು ಮಾಯವಾಗುತ್ತಿತ್ತು. ಮೊದಲ ಒಂದೆರಡು ವರ್ಷ ಊರಿನವರು ಸೇರಿ ಸಿಹಿ ಹಂಚಿದರು. ಐದನೇ ವರ್ಷಕ್ಕೆ ಹತ್ತು ಜನ ಬಂದರು. ಮರಿಯಪ್ಪನವರು ತೀರಿಕೊಂಡ ಮೇಲೆ ಉಳಿದದ್ದು ದೇವಾಜಮ್ಮ ಮತ್ತು ನಾನು. ಅವಳಿಗೆ ನಿವೃತ್ತಿಯಾದರೂ ಗಂಟೆ ಹೊಡೆಯಲು ಅವಳೇ ಹೋಗುತ್ತಿದ್ದಳು, ಹೊಸದಾಗಿ ಬಂದ ಜವಾನನಿಗೆ ಅದರಿಂದ ಆರಾಮವೇ ಆಯಿತು. ಸಂಜೆ ಕೊನೆಯ ಗಂಟೆ ಹೊಡೆದು ಸೀದಾ ಸ್ಮಾರಕಕ್ಕೆ ಬಂದು, ಕಲ್ಲು ಸವರಿ, “ಇದಾನೆ” ಎಂದು ಹೇಳಿ ಮನೆಗೆ ಹೋಗುತ್ತಿದ್ದಳು.

ಇಪ್ಪತ್ತೆರಡನೇ ವರ್ಷ ನಾನು ತಪ್ಪು ಮಾಡಿದೆ. ಆವತ್ತು ಬೆಳಿಗ್ಗೆ ಕೆತ್ತುವಾಗ ಅವಳು ಪಕ್ಕದಲ್ಲೇ ಕೂತು, ಮರುದಿನ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋಗುತ್ತಿರುವುದಾಗಿ ಹೇಳಿದಳು. ಚಾಕು ಅಂದರೆ ಭಯ, ಆದರೂ ಹೋಗಲೇಬೇಕು, ಅವನು ಬಂದಾಗ ಮುಖ ಮಸಕಾಗಿ ಕಂಡರೆ ಏನು ಚೆಂದ ಎಂದಳು. ನಾನು ಹೂಂ ಎಂದು ಮನೆಗೆ ಹೋಗಿ ಊಟ ಮಾಡಿದೆ. ಸುತ್ತಿಗೆ ಬಿಟ್ಟು ಬಂದಿದ್ದು ನೆನಪಾಗಿ ಮೂರು ಗಂಟೆಗೆ ಕಟ್ಟೆಯ ಹತ್ತಿರ ಹೋದೆ. ಅಷ್ಟು ಹೊತ್ತಿಗೆ ಅಕ್ಷರಗಳ ಅಂಚು ಮೃದುವಾಗಿ, ಗೆರೆಗಳು ಅರ್ಧ ತುಂಬಿರಬೇಕಿತ್ತು. ಬೆರಳಿಟ್ಟು ನೋಡಿದೆ, ಅಂಚು ಚರ್ಮ ಕೊಯ್ಯುವಷ್ಟು ಹರಿತವಾಗಿತ್ತು. ಮೂರೂವರೆಯಾಯಿತು. ಹಾಗೇ ಇತ್ತು. ನನ್ನ ಗೆಳೆಯ ಸತ್ತಿದ್ದ. ಕುಳಿತು ಅಳಬೇಕಾದವನು ನಾನು, ಶಾಲೆಯ ಕೊನೆಯ ಗಂಟೆಗೆ ಇನ್ನೆಷ್ಟು ಹೊತ್ತಿದೆ ಎಂದು ಲೆಕ್ಕ ಹಾಕಿದೆ.

ಸಾಣೆಕಲ್ಲು ತಂದು ಉಜ್ಜಿದೆ. ಬಸ್‌ ನಿಲ್ದಾಣದಲ್ಲಿ ಎಲ್ಲ ಮಧ್ಯಾಹ್ನದ ತೂಕಡಿಕೆಯಲ್ಲಿದ್ದರು. ನೋಡಿದ ಒಬ್ಬಿಬ್ಬರೂ ಆಚಾರಿ ಕಲ್ಲು ಸ್ವಚ್ಛ ಮಾಡುತ್ತಿದ್ದಾನೆ ಅಂದುಕೊಂಡಿರಬೇಕು. ಬೆವರು ಸುರಿದು, ಭುಜ ಸೋತು, ಅಂತೂ ಕಲ್ಲನ್ನು ಬೋಳು ಮಾಡಿ ನೀರು ಹೊಯ್ದು ತೊಳೆದೆ. ಕೊನೆಯ ಗಂಟೆ ಕೇಳಿಸಿತು. ಅವಳು ಬಂದಳು, ಸವರಿದಳು, “ಇದಾನೆ” ಎಂದಳು. ಮರುದಿನ ಹೋಗಿ ಧೈರ್ಯವಾಗಿ ಕಣ್ಣು ಕೊಯ್ಯಿಸಿಕೊಂಡು ಬಂದಳು. ನಾನು ಮಾಡಿದ್ದು ಸರಿಯೇ ಎಂದು ನನಗೆ ಆಗ ಅನ್ನಿಸಿತು, ಅದನ್ನು ಮುಚ್ಚಿಡುವುದಿಲ್ಲ.

ಒಂದು ಸಲ ಉಜ್ಜಿದವನು ಮತ್ತೆ ಉಜ್ಜಲೇಬೇಕು. ಮುಂದಿನ ವರ್ಷವೂ ಹೆಸರು ನಿಂತಿತು, ಅದರ ಮುಂದಿನ ವರ್ಷವೂ ನಿಂತಿತು. ಪ್ರತಿ ಸಲ ಮೂರು ಗಂಟೆಗೆ ಹೋಗಿ, ಹೋದ ಸಲ ಕಲ್ಲು ತಡ ಮಾಡಿತ್ತೇನೋ, ಈ ಸಲ ತುಂಬಿಕೊಂಡಿರಬಹುದು ಎಂದು ಆಸೆಯಿಂದ ಬೆರಳಿಡುತ್ತಿದ್ದೆ. ಆಮೇಲೆ ಸಾಣೆಕಲ್ಲು ಎತ್ತಿಕೊಳ್ಳುತ್ತಿದ್ದೆ. ಕೆಲಸ ಹಗುರಾಗಲಿ ಎಂದು ಅಕ್ಷರಗಳನ್ನು ಮೇಲುಮೇಲೆ ಕೆತ್ತುವುದನ್ನೂ ಕಲಿತೆ. ಹೆಂಡತಿ ನಾಗರತ್ನಳಿಗೂ ಹೇಳಲಿಲ್ಲ. ಒಂಬತ್ತು ಸಲ ಹೀಗೆ ಮಾಡಿದೆ.

ಮೂವತ್ತೊಂದನೇ ವರ್ಷ, ಮಳೆಗಾಲ ಮುಗಿದ ಮೇಲೆ, ಆ ದೇಶದ ಜೈಲಿನಿಂದ ಬಿಡುಗಡೆಯಾದವನೊಬ್ಬ ನಮ್ಮೂರಲ್ಲಿ ಬಸ್ಸು ಬದಲಾಯಿಸಲು ಇಳಿದ. ದೋಣಿ ದಾರಿ ತಪ್ಪಿ ಗಡಿ ದಾಟಿ ಸಿಕ್ಕಿಬಿದ್ದಿದ್ದ ಮೀನುಗಾರ, ನಾಲ್ಕು ವರ್ಷ ಒಳಗಿದ್ದವನು. ಯಾರೋ ಸ್ಮಾರಕದ ಕಥೆ ಹೇಳಿ ಅವನನ್ನು ದೇವಾಜಮ್ಮನ ಮನೆಗೆ ಕರೆದುಕೊಂಡು ಹೋದರು. ಅವಳು ಬಿಸಿನೀರು ಕೊಟ್ಟು, ಮುದ್ದೆ ಮಾಡಿ ಬಡಿಸಿ, ಎದುರಿಗೆ ಕೂತು ಒಂದೊಂದೇ ಕೇಳಿದಳಂತೆ. ಸೋಮುವನ್ನು ಕಂಡಿಲ್ಲ ಎಂದಷ್ಟೇ ಅವನು ಮೊದಲು ಹೇಳಿದನಂತೆ. ಅವನ ಬಲಗೈಯಲ್ಲಿ ಒಂದೂ ಉಗುರು ಇರಲಿಲ್ಲ. ಅದು ಹೇಗಾಯಿತು ಎಂದು ಅವಳು ಬಿಡದೆ ಕೇಳಿದಾಗ ಹೇಳಿದ. ಒಮ್ಮೆ ಬಾಯಿ ಬಿಟ್ಟವನು ಮತ್ತೆ ನಿಲ್ಲಿಸಲಿಲ್ಲ.

ಅವತ್ತಿನಿಂದ ಅವಳು ಚಾಪೆ ಬಿಟ್ಟು ನೆಲದ ಮೇಲೆ ಮಲಗಲು ಶುರು ಮಾಡಿದಳು. ಒಂದು ಹೊತ್ತು ತಿನ್ನುವಳು, ಅದೂ ಅರ್ಧ. ಶಾಲೆಯ ಗಂಟೆ ತಪ್ಪತೊಡಗಿತು. ಮಕ್ಕಳು ಕಾಯುತ್ತಿದ್ದರೆ ಇವಳು ಕೊಡತಿ ಹಿಡಿದು ಗಂಟೆಯ ಕೆಳಗೆ ಸುಮ್ಮನೆ ನಿಂತಿರುತ್ತಿದ್ದಳು. ನಾಗರತ್ನ ಅನ್ನ ಒಯ್ದು ಕೊಟ್ಟರೆ, ಅವನು ಅಲ್ಲಿ ಏಟು ತಿನ್ನುತ್ತಿರುವಾಗ ನನಗೆ ಅನ್ನ ಇಳಿಯುವುದಿಲ್ಲ ಎಂದು ಹಿಂದಕ್ಕೆ ಕಳಿಸಿದಳು. ನಾಗರತ್ನ ಬಂದು ನನ್ನ ಮುಂದೆ ಅತ್ತಳು. ಸತ್ತು ಒಂಬತ್ತು ವರ್ಷವಾದವನನ್ನು ಆ ಮುದುಕಿ ಮನಸ್ಸಿನೊಳಗೆ ದಿನಾ ಹೊಡೆಸುತ್ತಿದ್ದಳು, ನಿಜಕ್ಕೂ ಹೊಡೆಸುತ್ತಿದ್ದವನು ನಾನು. ಆಗಲಾದರೂ ಹೋಗಿ ಹೇಳಬಹುದಿತ್ತು. ಧನುರ್ಮಾಸ ಹತ್ತಿರವಿದೆಯಲ್ಲ, ಈ ಸಲ ಉಜ್ಜದೆ ಬಿಟ್ಟರಾಯಿತು, ಕಲ್ಲೇ ಹೇಳುತ್ತದೆ ಎಂದು ನನ್ನಷ್ಟಕ್ಕೆ ನಾನು ಉಪಾಯ ಮಾಡಿಕೊಂಡೆ. ಹೇಡಿಗೆ ಉಪಾಯಕ್ಕೇನು ಕಡಿಮೆ.

ಆ ದಿನ ಬೆಳಿಗ್ಗೆ ಅವಳು ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು. ನಾನು ಮೊದಲಿನ ಹಾಗೆ ಆಳವಾಗಿ ಕೆತ್ತಿದೆ. ಮುಗಿಸಿ ಉಳಿ ಒರೆಸುತ್ತಿದ್ದಾಗ ಅವಳು ಮಾತಾಡಿದಳು.

“ಆಚಾರಿ, ಇಷ್ಟು ವರ್ಷ ಅಳಿಸಿಹೋಗ್ಲಿ ಅಂತ ಬೇಡ್ಕೊತಿದ್ದೆ. ಈ ಸಲ ನಿಲ್ಲಲಿ ಅಂತ ಬೇಡ್ಕೊಂಡಿದೀನಿ. ಹೆತ್ತವಳು ಬೇಡೋ ಮಾತಾ ಇದು? ಆದ್ರೂ ಸಾಕು ಕಣಪ್ಪ. ಅವನಿಗೂ ಸಾಕಾಗಿರ್ತದೆ.”

ಉಳಿಯನ್ನು ಕಟ್ಟೆಯ ಮೇಲೇ ಬಿಟ್ಟು ಎದ್ದು ಹೋದೆ. ಸಂಜೆ ಅವಳ ಜೊತೆಯಲ್ಲೇ ಹೋದೆ. ಅವಳು ಕಲ್ಲಿನ ಮೇಲೆ ಅಂಗೈಯಿಟ್ಟು, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದಳು. ಸೋ, ಮ, ಸುಂ, ದ, ರ. ಮತ್ತೊಮ್ಮೆ ಮೊದಲಿನಿಂದ ಆಡಿಸಿದಳು. ಆಮೇಲೆ ಹಣೆಯನ್ನು ಕಲ್ಲಿಗೊತ್ತಿ, ಬಿಡುಗಡೆ ಆಯ್ತು, ಬಿಡುಗಡೆ ಆಯ್ತು ಎಂದು ಹೇಳಿಕೊಂಡು ಬಹಳ ಹೊತ್ತು ಅತ್ತಳು. ನನ್ನ ಎದೆಯ ಭಾರ ಇಳಿದ ಹಾಗಾಯಿತು. ಇಲ್ಲಿಗೆ ಮುಗಿಯಿತು, ಇನ್ನು ಇದು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ ಎಂದುಕೊಂಡೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಉಳಿ ತೆಗೆದುಕೋ ಎಂದಳು. ಹೆಸರಿನ ಕೆಳಗೆ ಇನ್ನೊಂದು ಸಾಲು ಕೆತ್ತಬೇಕಂತೆ: ಮೂವತ್ತೊಂದು ವರ್ಷ ಸೆರೆಯಲ್ಲಿದ್ದು ತೀರಿಕೊಂಡ. ಆ ಅಧಿಕಾರಿ ಎಲ್ಲಿದ್ದರೂ ಬಂದು ಓದಲಿ, ತನ್ನ ಮಗ ಎಷ್ಟು ವರ್ಷ ಅನುಭವಿಸಿದ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ ಎಂದಳು.

ಉಳಿ ತೆಗೆದುಕೊಂಡೆ. ಕಲ್ಲಿಗೆ ಇಟ್ಟೆ. ಕೈ ಏಳಲಿಲ್ಲ. ನಾನು ಸುಳ್ಳನ್ನು ಒಂಬತ್ತು ಸಲ ಅಳಿಸಿ ಹೇಳಿದ್ದೆ, ಕೆತ್ತಿ ಹೇಳಲು ಆಗಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತು, ಕಣ್ಣಿನ ಪೊರೆ ತೆಗೆಸಿದ್ದರ ಹಿಂದಿನ ದಿನದಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಅವಳು ಹೊಡೆಯಲಿ, ಉಗಿಯಲಿ ಎಂದು ಕಾಯುತ್ತಿದ್ದೆ. ಆ ಏಟುಗಳೆಲ್ಲ ಅವನಿಗೆ ಬೀಳಲಿಲ್ಲ ಅವ್ವ, ಅವನಿಗೆ ಯಾವತ್ತೋ ಬಿಡುಗಡೆಯಾಗಿದೆ, ಅಷ್ಟು ಸಮಾಧಾನ ಮಾಡಿಕೋ ಎಂದೂ ಅಂದೆ. ನನ್ನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವಳು ಸುಮ್ಮನೆ ಬೆರಳು ಮಡಿಸುತ್ತಿದ್ದಳು. ಎಣಿಸಿ ಮುಗಿದ ಮೇಲೆ ಕೇಳಿದಳು.

“ಒಂಬತ್ತು ಪಿತೃಪಕ್ಷ ಹೋದ್ವಲ್ಲ ಆಚಾರಿ?”

ಹೌದೆಂದೆ.

“ಅವರಪ್ಪನಿಗೆ ಎಡೆ ಹಾಕ್ದೆ, ನಮ್ಮತ್ತೆಗೆ ಹಾಕ್ದೆ. ಬದುಕಿರೋನಿಗೆ ಹಾಕಬಾರದು ಅಂತ ಅವನ ಎಲೆ ಮಾತ್ರ ಹಾಕ್ಲಿಲ್ಲ. ಪ್ರತಿ ವರ್ಷ ಎಲ್ಲರ ಜೊತೆ ಅವನೂ ಬಂದಿರ್ತಾನೆ. ತನ್ನ ಮನೆ ಬಾಗಿಲಲ್ಲಿ ನಿಂತು ಎಲೆ ಹುಡುಕಿ, ಇಲ್ಲ ಅಂತ ಹಸ್ಕೊಂಡು ಹೋಗಿರ್ತಾನೆ. ಅಮ್ಮ ನನ್ನ ಮರ್ತಳು ಅಂದ್ಕೊಂಡಿರ್ತಾನೆ.”

ಅಷ್ಟೇ ಹೇಳಿ ಅವಳು ಕೋಲೂರಿಕೊಂಡು ಮನೆಗೆ ಹೋದಳು. ಇದೊಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬದುಕಿರುವ ತಾಯಿಯ ಬಗ್ಗೆ ಅಷ್ಟು ಯೋಚಿಸಿದವನು ಸತ್ತ ಗೆಳೆಯನ ಬಗ್ಗೆ ಒಂದು ಗಳಿಗೆಯೂ ಯೋಚಿಸಿರಲಿಲ್ಲ. ನನ್ನ ಮನೆಯಲ್ಲೂ ಪ್ರತಿ ವರ್ಷ ಅಪ್ಪನಿಗೆ ಎಡೆ ಹಾಕುತ್ತೇವೆ, ನೀರು ಚಿಮುಕಿಸಿ ಬಾಗಿಲು ಎಳೆದುಕೊಂಡು ಹೊರಗೆ ಕಾಯುತ್ತೇವೆ. ಆಗಲೂ ನೆನಪಾಗಲಿಲ್ಲ.

ನಾಗರತ್ನಳಿಗೆ ಹೇಳಿದೆ, ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಯಿತು. ಜನ ಒಬ್ಬೊಬ್ಬರೇ ನಮ್ಮ ಮನೆಗೆ ಬಂದು ನಿಂತರು. ತಮ್ಮನ ಹೆಸರು ಆ ವರ್ಷ ಅಳಿಸಿತ್ತಲ್ಲ, ನಿಜವಾಗಿ ಅಳಿಸಿತ್ತೋ ನೀನು ಉಜ್ಜಿದ್ದೆಯೋ ಎಂದು ಒಬ್ಬ ಕೇಳಿದ. ಮಗಳ ಕಲ್ಲಿನ ಬಗ್ಗೆ ಇನ್ನೊಬ್ಬಳು ಕೇಳಿದಳು. ಒಂದೇ ಒಂದು ಕಲ್ಲು, ಬೇರೆ ಯಾವುದನ್ನೂ ಮುಟ್ಟಿಲ್ಲ ಎಂದು ಮಕ್ಕಳ ಮೇಲೆ ಆಣೆ ಮಾಡಿದೆ. ಯಾರೂ ನಂಬಲಿಲ್ಲ, ನಂಬಬೇಕು ಅನ್ನುವ ಹಕ್ಕೂ ನನಗಿರಲಿಲ್ಲ. ಆಮೇಲೆ ಈ ಊರಲ್ಲಿ ಕಲ್ಲು ಕೇಳಲು ಯಾರೂ ಬಂದಿಲ್ಲ.

ಅವತ್ತೇ ಮಧ್ಯಾಹ್ನ ದೇವಾಜಮ್ಮ ಹೇಳಿಕಳಿಸಿದಳು. ಹೋದೆ. ಪಿತೃಪಕ್ಷವಲ್ಲ, ಅಮಾವಾಸ್ಯೆಯಲ್ಲ, ಅವಳು ಯಾವ ಪುರೋಹಿತರನ್ನೂ ಕೇಳಿದ ಹಾಗಿರಲಿಲ್ಲ. ನಡುಮನೆಯಲ್ಲಿ ಗೋಡೆಯುದ್ದಕ್ಕೂ ಒಂಬತ್ತು ಬಾಳೆಎಲೆ ಹಾಸಿದ್ದಳು. ಒಂದೊಂದರಲ್ಲೂ ಅನ್ನ, ಹುರುಳಿಸಾರು, ಕುಂಬಳಕಾಯಿ ಪಲ್ಯ, ವಡೆ, ಸಿಹಿಕಡುಬು. ಎಪ್ಪತ್ತೈದರ ಮುದುಕಿ ಒಬ್ಬಳೇ ಇಷ್ಟನ್ನೂ ಹೇಗೆ ಮಾಡಿದಳೋ. ಬೆಳಗಿನಿಂದ ಬಾಗಿಲು ತೆರೆದು ಕಾದಿದ್ದಾಳೆ. ಹಿತ್ತಲಿನ ಗೋಡೆಯ ಮೇಲೆ ಇಟ್ಟಿದ್ದ ತುತ್ತನ್ನು ಕಾಗೆ ಮುಟ್ಟಿರಲಿಲ್ಲ.

“ಬರ್ಲಿಲ್ಲ,” ಎಂದಳು. “ಒಂಬತ್ತು ಸಲ ಬಂದು ಹೋದೋನು ಹತ್ತನೇ ಸಲ ಯಾಕೆ ಬರ್ತಾನೆ. ಕೂತ್ಕೊ ಆಚಾರಿ. ಅವನ ಪಾಲು ತಪ್ಪಿಸಿದೋನು ನೀನು. ನೀನೇ ಉಣ್ಣು.”

ಮೊದಲನೇ ಎಲೆಯ ಮುಂದೆ ಕೂತೆ. ಅವಳು ಎದುರಿಗೆ ಕೂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಂದು ಎಲೆ ಮುಗಿಸಿ ಇನ್ನೊಂದರ ಮುಂದೆ ಸರಿದೆ. ಇದು ಅವನು ಸತ್ತ ಮಾರನೇ ವರ್ಷದ್ದು, ಇದು ಅದರ ಮುಂದಿನದು ಎಂದು ಅವಳು ಪ್ರತಿ ಎಲೆಗೂ ಹೇಳುತ್ತಿದ್ದಳು. ನಾಲ್ಕನೇ ಎಲೆಗೆ ಉಸಿರು ಕಟ್ಟಿತು. ಐದನೆಯದನ್ನು ಅಳುತ್ತ ತಿಂದೆ. ಆರನೇ ಎಲೆಯಲ್ಲಿ ಕಡುಬು ಗಂಟಲಲ್ಲಿ ನಿಂತು, ಕೈಮುಗಿದು, ಇನ್ನು ಆಗುವುದಿಲ್ಲ ಅವ್ವ ಎಂದೆ.

ಅವಳು ಬಲವಂತ ಮಾಡಲಿಲ್ಲ. ಎದ್ದು ಚೊಂಬು ತಂದು ನನ್ನ ಕೈಗೆ ನೀರು ಹಾಕಿದಳು. ಉಳಿದ ಮೂರು ಎಲೆಗಳ ಮೇಲೆ ತಟ್ಟೆ ಕವುಚಿಟ್ಟಳು.

“ನಾಳೆ ಬಾ,” ಎಂದಳು. “ಇನ್ನೂ ಮೂರು ವರ್ಷ ಇದೆ.”